ಓದುಗರ ಪ್ರಶ್ನೆಗಳಿಗೆ ಉತ್ತರ: ಪ್ರಯೋಗಾಲಯವಿಲ್ಲದ ಊರಿನ ಶೋಧಗಳು

ಪ್ರಶ್ನೆ: ಸಂಶೋಧನೆಗೆ ನಾವು ಮಾಡುವ ಖರ್ಚು ತೀರಾ ಕಡಿಮೆ, ಆದ್ದರಿಂದಲೇ ನಮ್ಮಂಥ ದೇಶಗಳಲ್ಲಿ ಹೊಸ ಶೋಧಗಳು ಹುಟ್ಟುವುದಿಲ್ಲ ಎಂದು ಪದೇ ಪದೇ ಓದುತ್ತೇನೆ. ಆದರೆ ನಮ್ಮ ಊರಿನ ವೆಲ್ಡಿಂಗ್ ಶಾಪಿನಲ್ಲಿ ಪ್ರತಿ ಮುಂಗಾರಿಗೂ ಒಂದಲ್ಲ ಒಂದು ಹೊಸ ಸಲಕರಣೆ ತಯಾರಾಗುತ್ತದೆ. ಅದನ್ನು ಶೋಧವೆಂದು ಕರೆಯಬಹುದೇ? ಸರ್ಕಾರ ಅದಕ್ಕೆ ಮಾಡಬೇಕಾದದ್ದೇನು?
– ಪ್ರೌಢಶಾಲಾ ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತವಾಗಿ ಕರೆಯಬಹುದು. 2020–21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟು. ಅದು ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಲೆಕ್ಕಕ್ಕೆ ಸಿಗುವುದು ಸಂಸ್ಥೆ, ವಿಶ್ವವಿದ್ಯಾಲಯ ಮತ್ತು ಕಂಪನಿಗಳ ಖರ್ಚು ಮಾತ್ರ. ರೈತನೊಬ್ಬ ತನ್ನ ಹೊಲದ ಒಂದು ಮೂಲೆಯನ್ನು ಐದು ವರ್ಷ ಪ್ರಯೋಗಕ್ಕೆ ಬಿಟ್ಟುಕೊಟ್ಟರೆ ಅದು ಯಾವ ದಾಖಲೆಯಲ್ಲೂ ಸೇರುವುದಿಲ್ಲ.

ಕಿರಾಣಿ ಅಂಗಡಿಯಲ್ಲಿ ಎಚ್‌ಎಂಟಿ ಅಕ್ಕಿ ಎಂಬ ಹೆಸರನ್ನು ನೀವು ಕೇಳಿರುತ್ತೀರಿ. ಆ ತಳಿ ಹುಟ್ಟಿದ್ದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯಲ್ಲಿ, ಒಂದೂವರೆ ಎಕರೆಯಷ್ಟು ಜಮೀನಿದ್ದ ದಾದಾಜಿ ಖೋಬ್ರಾಗಡೆಯವರ ಗದ್ದೆಯಲ್ಲಿ. 1983ರಲ್ಲಿ ಅವರು ಪಟೇಲ್-3 ಎಂಬ ತಳಿಯ ಪೈರಿನ ನಡುವೆ ಬಣ್ಣದಲ್ಲಿ ಬೇರೆಯಾಗಿ, ಹಳದಿಗೆ ತಿರುಗಿದಂತೆ ಕಂಡ ಮೂರು ತೆನೆಗಳನ್ನು ಗುರುತಿಸಿದರು. ಬೇರೆಯವರಾಗಿದ್ದರೆ ಅವನ್ನು ಉಳಿದ ಪೈರಿನೊಂದಿಗೆ ಕೊಯ್ದು ಬಡಿದುಬಿಡುತ್ತಿದ್ದರು. ಇವರು ಅವುಗಳನ್ನು ಬೇರೆಯಾಗಿ ಎತ್ತಿಟ್ಟು, ಮರುವರ್ಷ ಗದ್ದೆಯ ನಡುವೆ ಬಿತ್ತಿ, ಕಾಡುಹಂದಿ ನುಗ್ಗದಂತೆ ಸುತ್ತ ಮುಳ್ಳಿನ ಬೇಲಿ ಕಟ್ಟಿ ಕಾಯ್ದರು. ಹೀಗೆ ಹಂಗಾಮಿನಿಂದ ಹಂಗಾಮಿಗೆ ಆಯ್ದು ಬೆಳೆಸಿದ ಸಣ್ಣಕ್ಕಿಗೆ ಮಾರುಕಟ್ಟೆಯೇ ಹೆಸರಿಟ್ಟಿತು. ಆ ಕಾಲದಲ್ಲಿ ಜನರಿಗೆ ಅಚ್ಚುಮೆಚ್ಚಾಗಿದ್ದ, ನಮ್ಮ ಬೆಂಗಳೂರಿನ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಕೈಗಡಿಯಾರದ ಹೆಸರು ಅದು. ತಳಿಯ ಸುದ್ದಿ ಹಬ್ಬಿದ ಮೇಲೆ ಕೃಷಿ ವಿಶ್ವವಿದ್ಯಾಲಯವೊಂದು 1998ರಲ್ಲಿ ಅದನ್ನು ಶುದ್ಧೀಕರಿಸಿ ತನ್ನ ಹೆಸರನ್ನು ಸೇರಿಸಿ ಬಿಡುಗಡೆ ಮಾಡಿತು. ಖೋಬ್ರಾಗಡೆಯವರಿಗೆ 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಪ್ರಶಸ್ತಿ ಸಿಕ್ಕಿತಾದರೂ, ಲಕ್ಷಾಂತರ ಮನೆಗಳ ಊಟದ ತಟ್ಟೆಗೆ ಬಂದ ಆ ಅಕ್ಕಿಯಿಂದ ಅವರ ಬಡತನ ನೀಗಲಿಲ್ಲ. 2018ರಲ್ಲಿ ಅವರು ತೀರಿಕೊಂಡರು. ಈ ಕಥೆಯನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರಲ್ಲಿ ಕಣ್ಣಿತ್ತು, ತಾಳ್ಮೆಯಿತ್ತು, ಆಯ್ಕೆಯ ಕ್ರಮವೂ ಇತ್ತು. ಇಲ್ಲದೆ ಹೋದದ್ದು ಮೊದಲ ದಿನದಿಂದಲೇ ಪಕ್ಕದಲ್ಲಿ ನಿಂತು, ‘ಇದು ಇಂಥವರ ಗದ್ದೆಯಲ್ಲಿ ಇಂಥ ವರ್ಷ ಆಯ್ದದ್ದು’ ಎಂದು ಬರೆದಿಡುವ ಒಬ್ಬ ಮನುಷ್ಯ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಹಳ್ಳಿಯ ಶೋಧಕರಿಗೆ ನಾವು ಬುದ್ಧಿ ಹೇಳಿಕೊಡಬೇಕಾಗಿಲ್ಲ, ಶೋಧ ಹುಟ್ಟಿದ ಮೇಲಿನ ದಾರಿಯನ್ನು ಕಟ್ಟಿಕೊಡಬೇಕು. ನೀವು ಹೇಳುವಂಥ ವೆಲ್ಡಿಂಗ್ ಶಾಪೊಂದರಲ್ಲಿ ನಾನು ಒಮ್ಮೆ ಅರ್ಧ ದಿನ ಕುಳಿತಿದ್ದೆ. ಬೀಜ ಬಿತ್ತುವ ಟ್ರ್ಯಾಕ್ಟರ್ ಕೂರಿಗೆಯ ತಾಳುಗಳ (ನೆಲ ಸೀಳುವ ಕಾಲುಗಳ) ನಡುವಿನ ಅಂತರ ತನ್ನ ಹೊಲಕ್ಕೆ ಹೊಂದುತ್ತಿಲ್ಲ, ಎಡೆ ಹೊಡೆಯುವಾಗ ಬೆಳೆ ತುಳಿತಕ್ಕೆ ಸಿಗುತ್ತದೆ ಎಂದು ರೈತರೊಬ್ಬರು ಬಂದರು. ಮೇಸ್ತ್ರಿ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಗೇಣಿನಿಂದ ಅಳೆದು, ತಾಳುಗಳನ್ನು ಅಡ್ಡಪಟ್ಟಿಯ ಮೇಲೆ ಸರಿಸಿ ಬೋಲ್ಟ್ ಬಿಗಿಯುವಂತೆ ಮಾಡಿಕೊಟ್ಟರು. ಸಂಜೆ ಹುಡುಗ ಕಬ್ಬಿಣದ ಪುಡಿ ಗುಡಿಸುವಾಗ ಆ ನಕ್ಷೆಯೂ ಅಳಿಸಿಹೋಯಿತು. ಮುಂದಿನ ತಾಲ್ಲೂಕಿನ ಮೇಸ್ತ್ರಿ ಅದೇ ತೊಡಕನ್ನು ಮೊದಲಿನಿಂದ ಬಿಡಿಸಬೇಕು.

ದಾಖಲೆಯ ನಂತರ ಬರುವುದು ಪರೀಕ್ಷೆ. ಕೃಷಿ ಯಂತ್ರಗಳಿಗೆ ಸರ್ಕಾರದ ಸಹಾಯಧನ ಸಿಗಬೇಕಾದರೆ ಆ ಯಂತ್ರ ಮಧ್ಯಪ್ರದೇಶದ ಬುದ್ನಿಯಲ್ಲಿರುವಂಥ ಅಧಿಕೃತ ಪರೀಕ್ಷಾ ಕೇಂದ್ರದ ವರದಿಯನ್ನು ಪಡೆದಿರಬೇಕು. ನಿಯಮ ಸರಿಯಾದದ್ದೇ, ಕಳಪೆ ಯಂತ್ರ ರೈತನ ಕೈ ಕತ್ತರಿಸಬಾರದು. ಆದರೆ ವರ್ಷಕ್ಕೆ ಹತ್ತು ಯಂತ್ರ ಮಾಡುವ ಊರಿನ ಮೇಸ್ತ್ರಿ ಅಲ್ಲಿಗೆ ಯಂತ್ರವನ್ನು ಸಾಗಿಸಿ, ಶುಲ್ಕ ಕಟ್ಟಿ, ವಾರಗಟ್ಟಲೆ ಕಾಯುವುದು ಹೇಗೆ? ವರದಿಯಿಲ್ಲದ ಕಾರಣಕ್ಕೆ ಸಹಾಯಧನದ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಹೆಸರಿಲ್ಲದ ಕಾರಣಕ್ಕೆ ರೈತ ಅವರ ಯಂತ್ರವನ್ನು ಬಿಟ್ಟು ದೂರದ ಕಾರ್ಖಾನೆಯದನ್ನು ಕೊಳ್ಳುತ್ತಾನೆ. ಪರೀಕ್ಷಕರೇ ಜಿಲ್ಲೆಗೆ ಬಂದು, ಮೊದಲ ಯಂತ್ರದ ಶುಲ್ಕವನ್ನು ಸರ್ಕಾರವೇ ಭರಿಸುವಂತಾದರೆ, ಹತ್ತು ಪ್ರಶಸ್ತಿ ಸಮಾರಂಭಗಳಿಗಿಂತ ಹೆಚ್ಚಿನ ಉಪಕಾರವಾದೀತು.

ಹಣದ ವಿಷಯದಲ್ಲಿ ಒಂದು ಒಳ್ಳೆಯ ಮಾದರಿ ಈಗಾಗಲೇ ಇದೆ. ಅಹಮದಾಬಾದಿನ ಪ್ರೊ. ಅನಿಲ್ ಗುಪ್ತಾ ಮತ್ತು ಅವರ ಸಂಗಡಿಗರು ಜನಸಾಮಾನ್ಯರ ಶೋಧಗಳನ್ನು ಹುಡುಕಿ ದಾಖಲಿಸಲು ಕಟ್ಟಿದ ಹನಿ ಬೀ ನೆಟ್‌ವರ್ಕ್‌ನ ಅನುಭವದಿಂದ 2000ದಲ್ಲಿ ಹುಟ್ಟಿದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು, 2003ರಲ್ಲಿ ಸಣ್ಣ ಕೈಗಾರಿಕೆಗಳಿಗೆ ಸಾಲ ಒದಗಿಸುವ ಬ್ಯಾಂಕ್ ಸಿಡ್ಬಿಯ ನೆರವಿನಿಂದ ಒಂದು ಸಣ್ಣ ನಿಧಿಯನ್ನು ತೆರೆದು, ಅಡಮಾನ ಕೇಳದೆ ಒಂದೇ ಸಹಿಯ ಸರಳ ಕರಾರಿನ ಮೇಲೆ ಶೋಧಕರಿಗೆ ಹಣ ಕೊಟ್ಟಿತು. ಹನಿ ಬೀ ಬಳಗದ ಕನ್ನಡ ಪತ್ರಿಕೆಯ ಹೆಸರು ‘ಹಿತ್ತಲಗಿಡ’. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಹೆಸರಿನಲ್ಲೇ ಉತ್ತರ ಕೊಟ್ಟವರ ಬಗ್ಗೆ ನನಗೆ ಗೌರವವಿದೆ. ರೈತನ ಜ್ಞಾನವನ್ನು ಅವನ ಹೆಸರಿನೊಂದಿಗೆ ಅವನದೇ ಭಾಷೆಯಲ್ಲಿ ಹಿಂದಿರುಗಿಸಬೇಕೆಂಬುದು ಆ ಬಳಗದ ನಿಯಮ.

ಹೀಗೆ ಬೆಳೆದವರು ನಮ್ಮಲ್ಲೂ ಇದ್ದಾರೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೆಳಗ್ಗೆ ಬೇಗ ಏಳಲಾಗದ ತಮ್ಮ ಅಭ್ಯಾಸಕ್ಕೆ ಮದ್ದಾಗಿ, ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ಬಿಚ್ಚಿಕೊಳ್ಳುವಾಗ ಬಾಟಲಿ ವಾಲಿ ಮುಖದ ಮೇಲೆ ನೀರು ಬೀಳುವಂತೆ ಮಾಡಿಕೊಂಡಿದ್ದರು. ಅಲ್ಲಿಂದ ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರಕ್ಕೆ, ಬೀಜ ಮತ್ತು ಗೊಬ್ಬರವನ್ನು ಒಟ್ಟಿಗೆ ಬಿತ್ತುವ ಕೂರಿಗೆಗೆ ಬಂದು, 2022ರಲ್ಲಿ ಪದ್ಮಶ್ರೀ ಪಡೆದರು.

ಪ್ರಶ್ನೆ: ಶೋಧವೆಂದರೆ ಯಾವಾಗಲೂ ಯಂತ್ರವೇ ಆಗಿರಬೇಕೇ?
– ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಉತ್ತರ: ಇಲ್ಲ. ಅದಕ್ಕೆ ಬಾಂಗ್ಲಾದೇಶದ ಉದಾಹರಣೆ ನಿಮ್ಮ ಕೆಲಸಕ್ಕೇ ಹತ್ತಿರವಾದದ್ದು. ವಾಂತಿಭೇದಿಯಿಂದ ಬಳಲುವ ಮಗುವನ್ನು ಉಪ್ಪು–ಸಕ್ಕರೆ ಬೆರೆಸಿದ ನೀರು ಉಳಿಸುತ್ತದೆಂಬುದು ಪ್ರಯೋಗಾಲಯದಿಂದ ಗೊತ್ತಾಗಿತ್ತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿಯೂ ತೋರಿಸಿದ್ದರು. ಆದರೆ ಪೊಟ್ಟಣ ಸಿಗದ, ಅಳತೆ ಚಮಚೆಯೂ ಇಲ್ಲದ ಮನೆಯ ತಾಯಿ ಅದನ್ನು ಹೇಗೆ ತಯಾರಿಸಬೇಕು ಎಂಬುದು ಬೇರೆಯೇ ಪ್ರಶ್ನೆ. ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರಾಕ್ ಅದಕ್ಕೆ ಕಂಡುಕೊಂಡ ಉತ್ತರ ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. 1980ರಿಂದ ಹತ್ತು ವರ್ಷ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸುಮಾರು 1.2 ಕೋಟಿ ಕುಟುಂಬಗಳಿಗೆ ಇದನ್ನು ಕಲಿಸಿದರು.

ನನ್ನ ದೃಷ್ಟಿಯಲ್ಲಿ ನಿಜವಾದ ಶೋಧ ಅವರ ಸಂಬಳದ ಲೆಕ್ಕದಲ್ಲಿತ್ತು. ಎಷ್ಟು ಮನೆಗೆ ಹೋದಿರಿ ಎಂದು ಕೇಳದೆ, ಕೆಲ ದಿನಗಳ ನಂತರ ಬೇರೊಬ್ಬರು ಕೆಲವು ಮನೆಗಳಿಗೆ ಹೋಗಿ ತಾಯಂದಿರಿಗೆ ಎಷ್ಟು ನೆನಪಿದೆ, ಸರಿಯಾಗಿ ಬೆರೆಸುತ್ತಾರೆಯೇ ಎಂದು ನೋಡಿ, ಅದರ ಮೇಲೆ ಕಾರ್ಯಕರ್ತೆಯ ಹಣವನ್ನು ನಿರ್ಧರಿಸಲಾಗುತ್ತಿತ್ತು. ಆಮೇಲೂ ಒಂದು ತೊಡಕು ಕಾಣಿಸಿತು: ತಾಯಂದಿರು ಪಾಠ ಒಪ್ಪಿಸುತ್ತಿದ್ದರು, ಮಗುವಿಗೆ ಕಾಯಿಲೆ ಬಂದಾಗ ಕುಡಿಸುತ್ತಿರಲಿಲ್ಲ. ವಿಚಾರಿಸಿದಾಗ, ಕಲಿಸುವವರಲ್ಲೇ ಹಲವರಿಗೆ ಈ ನೀರಿನಲ್ಲಿ ನಂಬಿಕೆಯಿಲ್ಲ, ಮನೆಯ ಗಂಡಸರಿಗಂತೂ ವಿಷಯವೇ ತಿಳಿದಿಲ್ಲ ಎಂಬುದು ಹೊರಬಂತು. ಆಗ ಕಾರ್ಯಕರ್ತೆಯರಿಗೆ ಮೊದಲು ಮನವರಿಕೆ ಮಾಡಿಕೊಟ್ಟು, ಸಂತೆಯಲ್ಲಿ, ಮಸೀದಿಯಲ್ಲಿ ಗಂಡಸರೊಂದಿಗೂ ಮಾತನಾಡತೊಡಗಿದರು. ಮನೆಬಾಗಿಲಿಗೆ ಹೋಗುವ ನಿಮ್ಮಂಥವರು ಕಂಡುಕೊಂಡ ಇಂಥ ಮಾರ್ಪಾಟುಗಳನ್ನು ಮೇಲಿನವರು ಕೇಳಿ ಬರೆದುಕೊಳ್ಳುವ ಒಂದು ಸಭೆ ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಈಗ ನಡೆಯುವ ಬಹುಪಾಲು ಸಭೆಗಳಲ್ಲಿ ನೀವು ಕೇಳಿಸಿಕೊಳ್ಳುವವರು ಮಾತ್ರ.

ಪ್ರಶ್ನೆ: ಕಬ್ಬಿನ ರವದಿ (ಒಣಗಿದ ಎಲೆ) ಸುಲಿಯುವ ಒಂದು ಸಣ್ಣ ಸಾಧನ ಮಾಡಿದ್ದೇನೆ. ಪೇಟೆಂಟ್ ಮಾಡಿಸಲೇ?
– ಫ್ಯಾಬ್ರಿಕೇಶನ್ ಅಂಗಡಿಯವರು, ಬೆಳಗಾವಿ ಜಿಲ್ಲೆ

ಉತ್ತರ: ಮೊದಲು ಒಂದು ಎಚ್ಚರಿಕೆ. ಅರ್ಜಿ ಹಾಕುವ ಮುನ್ನವೇ ಸಾಧನವನ್ನು ಮಾರಿದರೆ ಅಥವಾ ಅದರ ವಿಡಿಯೊವನ್ನು ಎಲ್ಲರೂ ನೋಡುವಂತೆ ಹಂಚಿದರೆ ಅದು ಹೊಸದೆಂಬ ಹಕ್ಕು ಸಾಮಾನ್ಯವಾಗಿ ಕೈತಪ್ಪುತ್ತದೆ. ತಾತ್ಕಾಲಿಕ ವಿವರಣೆಯೊಂದಿಗೆ ಮೊದಲ ಅರ್ಜಿ ಸಲ್ಲಿಸಿದರೆ ಪೂರ್ಣ ವಿವರಣೆ ಕೊಡಲು 12 ತಿಂಗಳ ಕಾಲಾವಕಾಶ ಸಿಗುತ್ತದೆ. ಆ ಅವಧಿಯಲ್ಲಿ ಎರಡು ಹಂಗಾಮಿನಲ್ಲಿ ಪ್ರಯೋಗ ಮಾಡಿ ನೋಡಬಹುದು.

ಆದರೆ ಇದ್ದ ಸಾಧನಕ್ಕೆ ಮಾಡಿದ ಸಣ್ಣ ಸುಧಾರಣೆಗೆ 20 ವರ್ಷಗಳ ಪೇಟೆಂಟ್ ಸಿಗುವುದು ಕಷ್ಟ. ಜರ್ಮನಿ 1891ರಲ್ಲಿ, ಜಪಾನ್ 1905ರಲ್ಲಿ ಇಂಥ ಸುಧಾರಣೆಗಳಿಗೆಂದೇ ಕಡಿಮೆ ಅವಧಿಯ, ಸುಲಭವಾಗಿ ಸಿಗುವ ಪ್ರತ್ಯೇಕ ಹಕ್ಕನ್ನು ಕಾನೂನಿನಲ್ಲಿ ತಂದವು. ನಮ್ಮಲ್ಲಿ ಅದು ಇನ್ನೂ ಇಲ್ಲ, ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಬೆಳೆಯ ತಳಿಗಳ ಮಟ್ಟಿಗೆ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನನ್ನೂ ತಳಿಗಾರನೆಂದು ಒಪ್ಪಿ ನೋಂದಣಿಗೆ ಅವಕಾಶ ಕೊಟ್ಟಿದೆ. ಕಬ್ಬಿಣದ ಕೆಲಸ ಮಾಡುವವರಿಗೆ ಆ ಭಾಗ್ಯ ಬಂದಿಲ್ಲ.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇದು: ಸಾಧನದ ನಕ್ಷೆಯನ್ನು ಅಳತೆಸಹಿತ ಒಂದು ನೋಟ್‌ಪುಸ್ತಕದಲ್ಲಿ ಬರೆದು, ಪ್ರತಿ ಬದಲಾವಣೆಗೂ ದಿನಾಂಕ ಹಾಕಿ, ಪ್ರಯೋಗ ಮಾಡಿಸಿದ ರೈತರ ಸಹಿ ತೆಗೆದುಕೊಳ್ಳಿ. ಅದರ ಪ್ರತಿಯನ್ನು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನಕ್ಕೆ ಕಳಿಸಿ, ಅರ್ಜಿಯ ವಿಷಯದಲ್ಲಿ ನೆರವು ಕೇಳಿ. ಉತ್ತರ ಬರುವವರೆಗೆ ಸಾಧನವನ್ನು ಕೃಷಿ ಮೇಳದಲ್ಲಿ ಇಡಬೇಡಿ.