ಅಂಗಡಿಗೆ ಎರಡು ಇಂಟರ್ನೆಟ್ ಲೈನ್ ಹಾಕಿಸಿದ್ದರೂ ನೆಟ್ ಪೂರ್ತಿ ಹೋಗುವುದೇಕೆ?

ಎರಡೂ ಫೈಬರ್ ಒಂದೇ ಕಂಬದ ಮೇಲೆ ಅಥವಾ ನೆಲದಡಿ ಒಂದೇ ದಾರಿಯಲ್ಲಿ ಬಂದಿವೆಯಾ, ಮೊದಲು ಅದನ್ನು ನೋಡಿ. ಕಂಪನಿ ಬೇರೆ ಆದರೂ ದಾರಿ ಒಂದೇ ಆಗಿದ್ದರೆ, ರಸ್ತೆ ಅಗೆಯುವ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕಡಿದು ಹಾಕುತ್ತದೆ. ಅದಕ್ಕೇ ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ 4ಜಿ ಅಥವಾ 5ಜಿ ಸಿಮ್ ಇಟ್ಟುಕೊಳ್ಳಿ. ಬಿಲ್ಲಿಂಗ್, ಯುಪಿಐ, ಕಾರ್ಡ್ ಮಷೀನ್‌ಗೆ ಜಾಸ್ತಿ ಡೇಟಾ ಬೇಕಾಗುವುದಿಲ್ಲ.

ಎರಡನ್ನೂ ಡ್ಯುಯಲ್ ವ್ಯಾನ್ ರೌಟರ್‌ಗೆ (ಎರಡು ಇಂಟರ್ನೆಟ್ ಲೈನ್ ತೆಗೆದುಕೊಳ್ಳುವ ರೌಟರ್) ಜೋಡಿಸಿದರೆ ಒಂದು ಹೋದಾಗ ಅದು ತಾನಾಗಿಯೇ ಇನ್ನೊಂದಕ್ಕೆ ಬದಲಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಕೆಲವು ರೌಟರ್‌ಗಳು ಕೇಬಲ್ ಸಿಕ್ಕಿಸಿದೆಯಾ ಅಂತ ಮಾತ್ರ ನೋಡುತ್ತವೆ. ಹೊರಗೆ ಫೈಬರ್ ತುಂಡಾಗಿದ್ದರೂ ಒಳಗಿನ ಒಎನ್‌ಟಿಗೆ, ಅಂದರೆ ಫೈಬರ್ ಬಂದು ಸೇರುವ ಕಂಪನಿಯ ಡಬ್ಬಿಗೆ, ಕರೆಂಟ್ ಇರುತ್ತದಲ್ವಾ, ಹಾಗಾಗಿ ರೌಟರ್‌ಗೆ ಲೈನ್ ಚೆನ್ನಾಗಿದೆ ಅಂತಲೇ ಕಾಣುತ್ತದೆ, ಸಿಮ್ ಸುಮ್ನೆ ಕೂತಿರುತ್ತದೆ. ಸೆಟ್ಟಿಂಗ್‌ನಲ್ಲಿ 8.8.8.8 (ಗೂಗಲ್‌ನ ಸರ್ವರ್) ಥರದ ಹೊರಗಿನ ವಿಳಾಸಕ್ಕೆ ಕೆಲವು ಸೆಕೆಂಡಿಗೊಮ್ಮೆ ಪಿಂಗ್, ಅಂದರೆ ಉತ್ತರ ಬರುತ್ತದಾ ಅಂತ ನೋಡುವ ಸಣ್ಣ ಸಂದೇಶ, ಹೋಗುವಂತೆ ಮಾಡಿ; ಉತ್ತರ ಬರದಿದ್ದರೆ ರೌಟರ್ ಸಿಮ್‌ಗೆ ಬದಲಾಗುತ್ತದೆ. ಒಎನ್‌ಟಿಗೂ ರೌಟರ್‌ಗೂ ಯುಪಿಎಸ್ ಬೇಕೇ ಬೇಕು. ಲೈನ್ ಬದಲಾದಾಗ ಐಪಿ ವಿಳಾಸವೂ (ನೆಟ್‌ನಲ್ಲಿ ನಿಮ್ಮ ಲೈನ್‌ನ ಗುರುತಿನ ಸಂಖ್ಯೆ) ಬದಲಾಗುವುದರಿಂದ ನಡೆಯುತ್ತಿದ್ದ ಇಂಟರ್ನೆಟ್ ಕಾಲ್, ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಒಮ್ಮೆ ಕಟ್ ಆಗಬಹುದು, ಗಾಬರಿ ಬೇಡ. ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ. ಆಗ ಒಎನ್‌ಟಿಗೆ ಬರುವ ಫೈಬರ್ ಅನ್ನೇ ಮೆಲ್ಲಗೆ ಬಿಚ್ಚಿ ನೋಡಿ, ಒಎನ್‌ಟಿಯಿಂದ ರೌಟರ್‌ಗೆ ಹೋಗುವ ಕೇಬಲ್ ಅಲ್ಲ.