ಸಂಪಾದಕರ ಉತ್ತರ: ಮಳೆ ತಪ್ಪಿದ ವರ್ಷದ ಸಾಲ

ಮಾನ್ಯರೇ,

ಹವಾಮಾನ ಬದಲಾವಣೆಗೂ ಬಡತನಕ್ಕೂ ಇರುವ ಸಂಬಂಧ ಕುರಿತ ಕಳೆದ ಸಂಚಿಕೆಯ ಲೇಖನವನ್ನು ಓದಿ ತಾವು ಸಿಂಧನೂರಿನಿಂದ ಬರೆದ ಪತ್ರ ತಲುಪಿದೆ. ಪತ್ರ ದೀರ್ಘವಾಗಿರುವುದರಿಂದ ಇತರ ಓದುಗರ ಅನುಕೂಲಕ್ಕಾಗಿ ಅದರ ತಿರುಳನ್ನಷ್ಟೇ ಇಲ್ಲಿ ಹೇಳುತ್ತೇವೆ. ಬರ ಈ ನೆಲಕ್ಕೆ ಹೊಸದಲ್ಲ. ಹವಾಮಾನದ ಮಾತು ಶ್ರೀಮಂತ ದೇಶಗಳು ತಮ್ಮ ತಪ್ಪನ್ನು ನಮ್ಮ ತಲೆಗೆ ಕಟ್ಟಲು ಹೂಡಿದ ಉಪಾಯ. ರಾಯಚೂರು, ಕೊಪ್ಪಳಗಳ ಬಡತನಕ್ಕೆ ನೀರಾವರಿ ಮತ್ತು ಕೈಗಾರಿಕೆಯ ಕೊರತೆಯೇ ಕಾರಣ. ಆದ್ದರಿಂದ ಮೊದಲು ಅಭಿವೃದ್ಧಿಯಾಗಲಿ, ಉಳಿದದ್ದು ಆಮೇಲೆ ಎಂಬುದು ತಮ್ಮ ವಾದ. ‘ಹಾಗಾದರೆ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಬೀಗ ಹಾಕಬೇಕೆ?’ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ತಪ್ಪು ಯಾರದೆಂಬ ವಿಷಯದಲ್ಲಿ ನಮಗೆ ತಕರಾರಿಲ್ಲ. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್. ಇದು ಜಗತ್ತಿನ ಸರಾಸರಿಯ ಅರ್ಧದಷ್ಟೂ ಇಲ್ಲ. ಅಮೆರಿಕದವರದು ಇದರ ಆರೇಳು ಪಟ್ಟು. ದೇವದುರ್ಗದ ಕೂಲಿಕಾರನ ಪಾಲನ್ನು ಬಿಡಿಸಿ ನೋಡಿದರೆ ಅದು ಲೆಕ್ಕಕ್ಕೇ ಸಿಗದು. ಆದರೆ ತಪ್ಪು ಮಾಡಿದವನು ಬೇರೆಯವನು ಎಂದ ಮಾತ್ರಕ್ಕೆ ನಷ್ಟ ನಮ್ಮ ಹೊಲದಲ್ಲಿ ಆಗುವುದು ತಪ್ಪುವುದಿಲ್ಲ.

ಬರ ಹಳೆಯದು ಎಂಬ ಮಾತೂ ನಿಜ. ಡೋಗಿ ಬರದ ಕಥೆಗಳು ಈ ಸೀಮೆಯಲ್ಲಿ ಇನ್ನೂ ಉಳಿದಿವೆ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆದರೆ ಈಗ ಮಳೆ ಕಡಿಮೆಯಾಗುವುದಕ್ಕಿಂತ ಅದು ಬೀಳುವ ರೀತಿ ಕೆಡುವುದೇ ಹೆಚ್ಚಿನ ತೊಂದರೆಯಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಮಳೆಯಿಲ್ಲದ ದಿನಗಳಲ್ಲಿ ನೆಲ ಬೇಗ ಒಣಗುತ್ತದೆ, ಬಂದಾಗ ಒಮ್ಮೆಲೇ ಸುರಿಯುತ್ತದೆ. 2009ನ್ನು ತಾವು ಮರೆತಿರಲಾರಿರಿ. ಆ ವರ್ಷದ ಮುಂಗಾರು ದೇಶದಲ್ಲಿ 1972ರ ನಂತರ ಅತಿ ಕೆಟ್ಟದ್ದಾಗಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳು ಬಿದ್ದವು. ಒಂದೇ ಒಂದು ಘಟನೆಯನ್ನು ಹಿಡಿದು ಇದೇ ಹವಾಮಾನ ಬದಲಾವಣೆ ಎನ್ನಲಾಗದು. ಭೂಮಿ 2011–20ರ ದಶಕದಲ್ಲೇ ಹತ್ತೊಂಬತ್ತನೆಯ ಶತಮಾನಕ್ಕಿಂತ ಸುಮಾರು 1.1 ಡಿಗ್ರಿ ಬಿಸಿಯಾಗಿದ್ದು, ಇಂಥ ವರ್ಷಗಳ ಸಂಭವ ಹೆಚ್ಚುತ್ತಿದೆ ಎಂದಷ್ಟೇ ಹೇಳಬಹುದು; ಬಡವರ ಲೆಕ್ಕ ತಪ್ಪಲು ಅಷ್ಟು ಸಾಕು.

ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ. ನಾಲ್ಕು ಎಕರೆ ಎರೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಹತ್ತಿ ಹಾಕುವ ಒಂದು ಕುಟುಂಬವನ್ನು ತೆಗೆದುಕೊಳ್ಳಿ; ದೇವದುರ್ಗ, ಸಿರವಾರ ಕಡೆ ಇಂಥ ಮನೆಗಳು ಊರೂರಿಗೂ ಸಿಗುತ್ತವೆ. ಮೃಗಶಿರಾ ಮಳೆಗೆ ಬಿತ್ತಿದ ಬೀಜ ಮೊಳೆತು, ಮೂರು ವಾರ ಹನಿ ಬೀಳದೆ ಒಣಗಿತು ಎನ್ನಿ. ಎಕರೆಗೆ ಎರಡರಂತೆ ಎಂಟು ಪ್ಯಾಕೆಟ್ ಬೀಜ ಮತ್ತೆ ತರಬೇಕು. 2024ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಬಿಟಿ ಹತ್ತಿ ಬೀಜದ ಗರಿಷ್ಠ ಬೆಲೆ ಪ್ಯಾಕೆಟ್‌ಗೆ 864 ರೂಪಾಯಿ, ಎಂಟಕ್ಕೆ 6,912. ಹರಗುವ, ಬಿತ್ತುವ ಕೂಲಿ ಬೇರೆ. ಈ ಹಣ ಬ್ಯಾಂಕಿನಿಂದ ಬರುವುದಿಲ್ಲ, ಏಕೆಂದರೆ ಜಮೀನಿನ ದಾಖಲೆಯಾದ ಪಹಣಿಯಲ್ಲಿ ಇವರ ಹೆಸರಿಲ್ಲ. ಗೊಬ್ಬರದ ಅಂಗಡಿಯ ಉದ್ರಿಯಿಂದಲೋ ಅಡತಿಯವರ (ದಲ್ಲಾಳಿಗಳ) ಕೈಸಾಲದಿಂದಲೋ ಬರುತ್ತದೆ, ಮತ್ತು ಬೆಳೆದ ಹತ್ತಿಯನ್ನು ಅದೇ ಅಂಗಡಿಗೆ ಹಾಕಬೇಕಾಗುತ್ತದೆ. ಇನ್ನು ಹತ್ತಿ ಬಿಡಿಸುವ ಹೊತ್ತಿಗೆ ನಾಲ್ಕು ದಿನ ಜಡಿಮಳೆ ಹಿಡಿದು ಅರಳೆ ಕಪ್ಪಾದರೆ ದರ ಅರ್ಧಕ್ಕೆ ಇಳಿದರೂ ಕೇಳುವವರಿಲ್ಲ. ಆಗ ಎತ್ತು ಮಾರುತ್ತಾರೆ, ಮೇಸ್ತ್ರಿಯಿಂದ ಮುಂಗಡ ಪಡೆದು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಏಳನೆಯ ತರಗತಿಯ ಮಗಳು ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟು ಜೊತೆಗೆ ಹೊರಡುತ್ತಾಳೆ. ಮರುವರ್ಷ ಮಳೆ ಹದವಾಗಿ ಬಂದರೂ ಎತ್ತು ಮರಳಿ ಕೊಟ್ಟಿಗೆಗೆ ಬರುವುದಿಲ್ಲ, ಆ ಹುಡುಗಿ ಶಾಲೆಗೆ ಮರಳುವುದು ಅಪರೂಪ. ಒಳ್ಳೆಯ ವರ್ಷದ ಲಾಭ ಕೆಟ್ಟ ವರ್ಷದ ನಷ್ಟವನ್ನು ತುಂಬುವಷ್ಟಿರುವುದಿಲ್ಲ. ಹವಾಮಾನಕ್ಕೂ ಬಡತನಕ್ಕೂ ಇರುವ ಸಂಬಂಧವೆಂದು ನಾವು ಹೇಳುತ್ತಿರುವುದು ಇದನ್ನೇ.

ಪರಿಹಾರ ಬರುವುದಿಲ್ಲವೇ ಎಂದರೆ, ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ ನೆರವಿಗಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್ ಕೊನೆಗೆ, ಹಣ ಬಿಡುಗಡೆಯಾಯಿತು. ಮಳೆಯಾಶ್ರಿತ ಬೆಳೆಗೆ ಕೇಂದ್ರದ ಆಗಿನ ಮಾನದಂಡದಂತೆ ಸಿಗುತ್ತಿದ್ದುದು ಹೆಕ್ಟೇರಿಗೆ 8,500, ಅಂದರೆ ಎಕರೆಗೆ ಸುಮಾರು 3,400 ರೂಪಾಯಿ. ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಅದು ಜಮಾ ಆಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ, ಬೀಜ ಎರಡು ಸಲ ಕೊಂಡವನ ಖಾತೆಗಲ್ಲ.

ನೀರಾವರಿಯೇ ಮದ್ದು ಎಂಬ ತಮ್ಮ ಮಾತಿಗೆ ಬರುತ್ತೇವೆ. ನೀರು ಬಂದ ಕಡೆ ಬದುಕು ಹಸನಾದದ್ದಕ್ಕೆ ಗಂಗಾವತಿ, ಸಿಂಧನೂರುಗಳೇ ಸಾಕ್ಷಿ. ಆದರೆ ಈ ನೀರೂ ಮಳೆಯದೇ, ಅದೂ ಮಲೆನಾಡಿನ ಮಳೆಯದು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು 105.788 ಟಿಎಂಸಿಗೆ ಇಳಿದಿದೆ. ನಾಲ್ಕು ತಿಂಗಳ ಮಳೆ ನಾಲ್ಕಾರು ವಾರಗಳಲ್ಲಿ ಸುರಿದರೆ ಈ ಡ್ಯಾಂ ಅದನ್ನು ಹಿಡಿಯಲಾರದು. ಮಳೆ ಕೈಕೊಟ್ಟರೆ 2023ರಲ್ಲಿ ಆದಂತೆ ಎರಡನೆಯ ಬೆಳೆಗೆ ನೀರಿಲ್ಲ. (2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದದ್ದನ್ನು ಹವಾಮಾನದ ಖಾತೆಗೆ ಬರೆಯುವುದು ಬೇಡ, ಅಲ್ಲಿ ತುಂಡಾದದ್ದು ಚೈನು.) ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಅರೆ ನೀರಾವರಿ ಬೆಳೆಗಳಿಗೆಂದು ರೂಪಿಸಲಾಗಿತ್ತು, ಮೇಲ್ಭಾಗದಲ್ಲಿ ಎಲ್ಲರೂ ಭತ್ತಕ್ಕಿಳಿದ ಮೇಲೆ ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತರು ಪ್ರತಿ ವರ್ಷ ರಸ್ತೆಗಿಳಿಯಬೇಕಾಗಿದೆ, ಮೇಲ್ಭಾಗದ ಎಷ್ಟೋ ಹೊಲಗಳು ಸವಳು ಹಿಡಿದಿವೆ. ಸಿಂಧನೂರಿನವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಆದರೂ ಹೇಳಲೇಬೇಕು.

ಬಿಸಿಲಿನ ವಿಷಯವನ್ನು ತಾವು ‘ರಾಯಚೂರಿನವರಿಗೆ ಬಿಸಿಲು ಕಲಿಸಬೇಡಿ’ ಎಂದು ತಳ್ಳಿಹಾಕಿದ್ದೀರಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಸುಮ್ಮನೆ ಅಲ್ಲವಲ್ಲ? ಆ ಸವಲತ್ತು ಇಟ್ಟಿಗೆ ಭಟ್ಟಿಯಲ್ಲಿ, ಕಲ್ಲಿನ ಕ್ವಾರಿಯಲ್ಲಿ ದುಡಿಯುವವರಿಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಮಾಡಿದ ಅಂದಾಜಿನಂತೆ 2030ರ ವೇಳೆಗೆ ಭಾರತ ಶಾಖದಿಂದ ಕಳೆದುಕೊಳ್ಳುವುದು ಒಟ್ಟು ದುಡಿಮೆಯ ಶೇ 5.8ರಷ್ಟು ಗಂಟೆಗಳನ್ನು, ಇದು 3.4 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ. ದಿನಗೂಲಿಯವನಿಗೆ ಆ ಗಂಟೆಗಳೇ ಸಂಬಳ.

ಶಕ್ತಿನಗರಕ್ಕೆ ಬೀಗ ಹಾಕಿ ಎಂದು ನಾವು ಬರೆದಿರಲಿಲ್ಲ. 1985ರಿಂದ ರಾಜ್ಯಕ್ಕೆ ಬೆಳಕು ಕೊಟ್ಟ, 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವದು. ಅದನ್ನು ನಂಬಿದ ಗುತ್ತಿಗೆ ಕಾರ್ಮಿಕರಿಗೆ ಮೊದಲು ಬೇರೆ ದಾರಿ ತೋರಿಸದೆ ಮುಚ್ಚುವ ಮಾತಾಡುವುದು ಅನ್ಯಾಯ. ಆದರೆ ಆ ಸ್ಥಾವರವೂ ಕೃಷ್ಣೆಯ ನೀರಿಲ್ಲದೆ ನಡೆಯದು ಎಂಬುದನ್ನು ‘ಮೊದಲು ಅಭಿವೃದ್ಧಿ’ ಎನ್ನುವವರು ನೆನಪಿಡಬೇಕು. ವಿಶ್ವ ಬ್ಯಾಂಕ್ 2015ರಲ್ಲಿ, ಹವಾಮಾನ ಬದಲಾವಣೆಯಿಂದ 2030ರೊಳಗೆ ಇನ್ನೂ 10 ಕೋಟಿ ಜನ ಬಡತನಕ್ಕೆ ಬೀಳಬಹುದೆಂದು ಎಚ್ಚರಿಸಿತ್ತು. ಬಡವರನ್ನು ಒಳಗೊಳ್ಳುವ ಅಭಿವೃದ್ಧಿಯಾದರೆ ಇದರ ಬಹುಪಾಲನ್ನು ತಪ್ಪಿಸಬಹುದೆಂದೂ ಅದೇ ವರದಿ ಹೇಳಿತ್ತು. ಅಭಿವೃದ್ಧಿ ಬೇಕೆಂಬಲ್ಲಿ ತಮಗೂ ನಮಗೂ ಭೇದವಿಲ್ಲ. ‘ಆಮೇಲೆ’ ಎಂಬ ಮಾತೊಂದೇ ನಮಗೆ ಒಪ್ಪಿಗೆಯಿಲ್ಲ.

ಏನು ಮಾಡಬೇಕೆಂದರೆ, ಕೃಷಿ ಹೊಂಡ, ಹೂಳೆತ್ತುವಿಕೆ, ತೊಗರಿ-ಸಜ್ಜೆಯ ಅಕ್ಕಡಿ ಸಾಲು ಎಲ್ಲವೂ ಸರಿ. ಅವುಗಳ ಬಗ್ಗೆ ಹಿಂದೆಯೂ ಬರೆದಿದ್ದೇವೆ. ನಮ್ಮ ಮಟ್ಟಿಗೆ ಮೊದಲಿನ ಕೆಲಸ ಲಾವಣಿದಾರನನ್ನು ಕಾಗದದ ಮೇಲೆ ತರುವುದು. ಮುಂಗಾರು ಬೆಳೆಗೆ ಶೇ 2, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5ರ ಕಂತು ಕಟ್ಟುವ ಬೆಳೆ ವಿಮೆಯ ನಿಯಮದಲ್ಲಿ ಗೇಣಿದಾರರಿಗೂ ಅವಕಾಶವಿದೆ. ಆದರೆ 1974ರ ಭೂಸುಧಾರಣೆಯ ನಂತರ ನಮ್ಮಲ್ಲಿ ಗೇಣಿಯೇ ಕಾನೂನುಬಾಹಿರವಾದ್ದರಿಂದ ಲಾವಣಿಯೆಲ್ಲ ಬಾಯಿಮಾತಿನ ಕರಾರಾಗಿದೆ, ತೋರಿಸಲು ಚೀಟಿಯೂ ಇರುವುದಿಲ್ಲ. ಮಾಲೀಕರ ಹಕ್ಕಿಗೆ ಧಕ್ಕೆ ಬಾರದಂತೆ, ಒಂದು ಹಂಗಾಮಿನ ಮಟ್ಟಿಗೆ, ಬೆಳೆ ಸಮೀಕ್ಷೆಯಲ್ಲಿಯೇ ಸಾಗುವಳಿದಾರನ ಹೆಸರು ದಾಖಲಾಗಿ ವಿಮೆಯೂ ಪರಿಹಾರವೂ ಅವನಿಗೆ ಸಲ್ಲುವಂತೆ ಕಾನೂನು ತಿದ್ದಬೇಕೆಂಬುದು ನಮ್ಮ ಅಭಿಪ್ರಾಯ. ತಮ್ಮ ತಾಲೂಕಿನ ಜಮೀನು ಮಾಲೀಕರಿಗೆ ಇದರಲ್ಲಿ ಆಕ್ಷೇಪವಿದ್ದರೆ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇವೆ.

– ಸಂಪಾದಕ