ಕೋಮಾದಲ್ಲಿರುವ ಅಪ್ಪನಿಗೆ ಒಳಗೆ ಅರಿವು ಇದೆಯೋ ಇಲ್ಲವೋ ಇಇಜಿಯಿಂದ (ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡುವ ಪರೀಕ್ಷೆ) ತಿಳಿಯುತ್ತದಾ? ಅದಕ್ಕಾಗಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಯ್ಯಬೇಕಾ?

ಸ್ಟ್ರೋಕ್ ಆಗಿ ತಿಂಗಳಾಯಿತು, ಕಣ್ಣು ತೆರೆಯುತ್ತಾರೆ, ಕರೆದರೆ ನೋಡುವುದಿಲ್ಲ ಅಂತ ಬರೆದಿದ್ದೀರಿ. ನಮ್ಮ ಅಣ್ಣನೂ ಹಾಗೇ ಇದ್ದ. ಮೊದಲು ಒಂದು ಮಾತು: ಕಣ್ಣು ತಾನಾಗಿ ತೆರೆದು ಮುಚ್ಚುತ್ತಿದ್ದರೆ ಅದಕ್ಕೆ ಡಾಕ್ಟರು ಕೋಮಾ ಅನ್ನುವುದಿಲ್ಲ. ಕೋಮಾದಲ್ಲಿ ಕಣ್ಣು ಮುಚ್ಚಿಯೇ ಇರುತ್ತದೆ. ನಿಮ್ಮ ಅಪ್ಪ ಆ ಹಂತ ದಾಟಿದ್ದಾರೆ.

ಅಣ್ಣನ ಬೈಕಿಗೆ ಬೈಪಾಸಿನಲ್ಲಿ ಲಾರಿ ತಾಗಿತ್ತು. ತಲೆಗೆ ಪೆಟ್ಟು, ಒಳಗೆ ಬಾವು, ಅದರ ಮೇಲೆ ಫಿಟ್ಸ್. ವೆಂಟಿಲೇಟರ್ ಮೇಲಿದ್ದಾಗ ಇಇಜಿ ಮಾಡಿದರು. ರಿಪೋರ್ಟಿನ ಕೊನೆಗೆ ‘ಬರ್ಸ್ಟ್ ಸಪ್ರೆಷನ್’ ಅಂತಿತ್ತು. ಸ್ವಲ್ಪ ಹೊತ್ತು ಅಲೆ ಏಳುತ್ತದೆ, ಆಮೇಲೆ ಗೆರೆ ಸಪಾಟು, ಮತ್ತೆ ಅಲೆ. ನಾನು ಕಾರಿಡಾರಿನಲ್ಲಿ ನಿಂತು ಮೊಬೈಲಿನಲ್ಲಿ ಹುಡುಕಿದೆ. ಹೃದಯ ನಿಂತು ಮಿದುಳಿಗೆ ಆಮ್ಲಜನಕ ಸಿಗದವರಲ್ಲಿ ಇದು ಕೆಟ್ಟ ಸೂಚನೆ ಅಂತ ಬಂತು. ಅಷ್ಟೇ ಓದಿದೆ.

ನಾನು ಓದದೇ ಬಿಟ್ಟಿದ್ದು ಅದೇ ಹಾಳೆಯ ಮೇಲಿನ ಸಾಲು. ಅಲ್ಲಿ ‘ಮಿಡಜೋಲಮ್ ಇನ್ಫ್ಯೂಷನ್’ ಅಂತ ಬರೆದಿತ್ತು. ಅದು ನಿದ್ದೆ ಬರಿಸುವ ಔಷಧ, ಫಿಟ್ಸನ್ನೂ ತಡೆಯುತ್ತದೆ. ಫಿಟ್ಸ್ ಬಗ್ಗದಿದ್ದಾಗ ಡೋಸ್ ಜಾಸ್ತಿ ಮಾಡಿ ಮಿದುಳಿನ ಅಲೆಯನ್ನು ಬೇಕಂತಲೇ ಹೀಗೆ ತಗ್ಗಿಸುತ್ತಾರೆ. ಅಂದರೆ ಡಾಕ್ಟರು ತರಲು ನೋಡುತ್ತಿದ್ದದ್ದೇ ಆ ಸಪಾಟು ಗೆರೆ. ನಾನು ಅದನ್ನೇ ಸಾವಿನ ಸುದ್ದಿ ಅಂತ ಓದಿಕೊಂಡೆ. ಹೃದಯ ನಿಂತವರ ಲೆಕ್ಕ ತಲೆಗೆ ಪೆಟ್ಟಾದವನಿಗೆ ಹಾಕಿದೆ, ಅದೂ ಔಷಧ ಓಡುತ್ತಿರುವಾಗ. ಡಾಕ್ಟರು ರೌಂಡ್ಸಿಗೆ ಬಂದಾಗ ಕೇಳಬಹುದಿತ್ತು. ಕೇಳಲಿಲ್ಲ, ಅವರ ಮುಖ ನೋಡಿಯೇ ಉತ್ತರ ಊಹಿಸಿಕೊಂಡೆ. ಮನೆಯಲ್ಲಿ ಸ್ವಲ್ಪ ಇಂಗ್ಲಿಷ್ ಬಲ್ಲವನು ನಾನೊಬ್ಬನೇ, ಹಾಗಾಗಿ ಅವ್ವ, ವೈನಿ (ಅತ್ತಿಗೆ) ಎಲ್ಲರೂ ನನ್ನ ಮಾತು ನಂಬಿದರು.

ವೆಂಟಿಲೇಟರ್ ತೆಗೆದ ಮೇಲೆ ದವಾಖಾನೆಯವರು ಬೇಡವೆಂದರೂ ಗದಗಿನ ಹತ್ತಿರ ನಮ್ಮ ಊರಿಗೆ ಕರೆತಂದೆವು. ಫಿಸಿಯೋದವರನ್ನು ನಾನೇ ಬೇಡ ಅಂದೆ. ಯಾರಿಗಾಗಿ ಮಾಡಿಸುವುದು ಅಂತ. ಬಲಗಾಲಿನ ಪಾದ ಕೆಳಕ್ಕೆ ಬಾಗಿ ಹಾಗೇ ಬಿಗಿಯಿತು, ಕೈಬೆರಳು ಮಡಚಿಕೊಂಡವು.

ವೈನಿ ಮಾತ್ರ ದಿನಾ ಮುಖ ಒರೆಸಿ ಕನ್ನಡಿ ಹಿಡಿಯುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಕನ್ನಡಿ ಸರಿಸಿ ತೋರಿಸಿದರು. “ನೋಡಪಾ, ಕಣ್ಣು ಹಿಂದ ಬರ್ತಾವ.” ಬಂದವು. ಧಾರವಾಡದ ನ್ಯೂರೋ ಡಾಕ್ಟರೂ ಮೊದಲು ಕೇಳಿದ್ದು ಕನ್ನಡಿಯನ್ನೇ. ತನ್ನದೇ ಮುಖವನ್ನು ಕಣ್ಣು ಬೇಗ ಹಿಂಬಾಲಿಸುತ್ತದೆ, ಅರಿವು ಅಳೆಯುವ ಪರೀಕ್ಷೆಯಲ್ಲೇ ಅದು ಇದೆಯಂತೆ. ನಿದ್ದೆ ಔಷಧ ಇಲ್ಲದೆ ಮತ್ತೆ ಇಇಜಿ ಆಯಿತು. ಅಲೆ ನಿಧಾನವಿತ್ತು, ಆದರೆ ಚಪ್ಪಾಳೆ ತಟ್ಟಿದಾಗ, ಉಗುರು ಒತ್ತಿದಾಗ ಬದಲಾಗುತ್ತಿತ್ತು. ಹಳೆಯ ರಿಪೋರ್ಟ್ ನೋಡಿ ಡಾಕ್ಟರು “ಕೆಳಗಿಂದು ಓದೀರಿ, ಮ್ಯಾಲಿಂದು ಓದಿಲ್ಲ” ಅಂದರು. ಅಣ್ಣ ಈಗ ಹೆಸರು ಹಿಡಿದು ಕರೆಯುತ್ತಾನೆ. ಹಿಮ್ಮಡಿ ಇನ್ನೂ ನೆಲಕ್ಕೆ ಹತ್ತುವುದಿಲ್ಲ.

ಹಾಗಾಗಿ ‘ಅರಿವು ಇದೆಯಾ’ ಅಂತ ಇಇಜಿಯನ್ನು ಕೇಳುವುದೇ ತಪ್ಪು. ಅದಕ್ಕೆ ಬೇರೆ ಒಂದು ಕೆಲಸವಿದೆ, ಅದನ್ನು ಇನ್ಯಾವುದೂ ಅಷ್ಟು ಚೆನ್ನಾಗಿ ಮಾಡಲ್ಲ. ಕೈಕಾಲು ಅದುರದೆ ಒಳಗೊಳಗೇ ಫಿಟ್ಸ್ ನಡೆದಿದ್ದರೆ ಅದು ಇಇಜಿಯಲ್ಲಿ ಮಾತ್ರ ಕಾಣುತ್ತದೆ, ಮತ್ತು ಅದಕ್ಕೆ ಔಷಧ ಇದೆ. ಅದಕ್ಕಾಗಿ ಮಾಡಿಸಿ. ಹುಬ್ಬಳ್ಳಿ-ಧಾರವಾಡದಲ್ಲೇ ಆಗುತ್ತದೆ.

ಬೆಂಗಳೂರಿನ ಆಸೆ ಎಲ್ಲಿಂದ ಬಂತು ಅಂತ ಗೊತ್ತು. 2024ರ ಸಂಶೋಧನೆಯ ಸುದ್ದಿ ಓದಿರುತ್ತೀರಿ, ಅಲ್ವಾ? ಹೇಳಿದ್ದಕ್ಕೆ ಮೈಯಲ್ಲಿ ಏನೂ ತೋರಿಸದ 241 ಜನರಿಗೆ ‘ಕೈ ಆಡಿಸಿದ ಹಾಗೆ ನೆನೆಸಿಕೊಳ್ಳಿ’ ಎಂಬಂಥ ಸೂಚನೆ ಕೊಟ್ಟು ನೋಡಿದರು. 60 ಜನರ ಮಿದುಳು ಉತ್ತರಿಸಿತು. ನಿಜ, ದೊಡ್ಡ ವಿಷಯ. ಆದರೆ ಅದು ಅರ್ಧ ಗಂಟೆಯ ಮಾಮೂಲಿ ಇಇಜಿ ಅಲ್ಲ. ಎಂಆರ್‌ಐಯ ವಿಶೇಷ ಬಗೆ, ಕಂಪ್ಯೂಟರಿನಲ್ಲಿ ಸೋಸಿದ ಇಇಜಿ, ಇವುಗಳಿಂದ ಮಾಡಿದ್ದು. ಇನ್ನೊಂದು ಲೆಕ್ಕ ಸುದ್ದಿಯಲ್ಲಿ ಅಷ್ಟು ಬರಲಿಲ್ಲ. ಹೇಳಿದ್ದನ್ನು ಕಣ್ಣೆದುರೇ ಮಾಡಿ ತೋರಿಸುತ್ತಿದ್ದ 112 ಜನರಲ್ಲೂ ಈ ಪರೀಕ್ಷೆಯಲ್ಲಿ ಮಿದುಳು ಉತ್ತರಿಸಿದ್ದು 43 ಜನರದ್ದು ಮಾತ್ರ. ಅಂದರೆ ‘ಇಲ್ಲ’ ಅಂತ ಬಂದರೂ ಅರಿವು ಇಲ್ಲ ಅಂತಲ್ಲ. ಅಪ್ಪನಿಗೆ ‘ಇಲ್ಲ’ ಅಂತ ಬಂದರೆ ಏನು ಮಾಡುತ್ತೀರಿ?

ಒಂದು ಕನ್ನಡಿ ತನ್ನಿ. ಮಧ್ಯಾಹ್ನವೂ ಹಿಡಿಯಿರಿ, ಸಂಜೆಯೂ ಹಿಡಿಯಿರಿ, ಯಾಕೆಂದರೆ ಇಂಥವರ ಎಚ್ಚರ ದಿನವಿಡೀ ಒಂದೇ ತೆರ ಇರುವುದಿಲ್ಲ. ಕಣ್ಣು ಹಿಂದೆ ಬಂದರೆ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಇಇಜಿ ದಿನ ಯಾವ ಔಷಧ ಓಡುತ್ತಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಫಿಸಿಯೋ ಬಗ್ಗೆ ನೀವು ಏನೂ ಬರೆದಿಲ್ಲ. ಶುರು ಆಗಿಲ್ಲ ಅಂದರೆ ಬೆಂಗಳೂರು ಸುಮ್ನೆ ಪಕ್ಕಕ್ಕಿಡಿ, ನಾಳೆ ಬೆಳಿಗ್ಗೆ ಅವರನ್ನೇ ಕರೆಸಿ.